ಹಾಲೆಂದ ಬಾಯಿ

ಮೀಸೆ ಚೆನ್ನಾಗಿದೆ ಎಂದು ಯಾರಾದರೂ ಅಂದರೆ ಯಲ್ಲಮಂದ ಆ ದಿನ ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದ. ನಾಯಿ ಕಂಡರೆ ಹೆಂಡತಿಯ ಬೆನ್ನ ಹಿಂದೆ ನಿಲ್ಲುತ್ತಿದ್ದ. ಛತ್ರಿ ಕೊಟ್ಟು ಕಳಿಸಿದರೆ ಮನುಷ್ಯ ಬರುತ್ತಿದ್ದ, ಛತ್ರಿ ಬರುತ್ತಿರಲಿಲ್ಲ. ಕಥೆಗೆ ನಿಲ್ಲುವ ಮುಂಚೆ ಎರಡು ಮೆಣಸಿನಕಾಳು ಬಾಯಿಗೆ ಹಾಕಿಕೊಂಡು ಕಡಿಯದೆ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತಿದ್ದ. ಊರಿನವರ ಕಣ್ಣಿಗೆ ದೊಡ್ಡ ಮನುಷ್ಯನೇನಲ್ಲ. ಆದರೆ ತಂಬೂರಿ ಹೆಗಲಿಗೇರಿಸಿ, ಹೆಬ್ಬೆರಳಿಗೆ ಹಿತ್ತಾಳೆಯ ಉಂಗುರ ಸಿಕ್ಕಿಸಿ, ಗೆಜ್ಜೆ ಕಟ್ಟಿ ಒಂದು ಹೆಜ್ಜೆ ಮುಂದಿಟ್ಟನೆಂದರೆ, ಮಡಿಲಲ್ಲಿ ಅಳುವ ಕೂಸು ಕೂಡ ಸುಮ್ಮನಾಗಿ ಅವನನ್ನೇ ನೋಡುತ್ತಿತ್ತು.

ಅವನು ತೀರಿಹೋಗಿ ಹತ್ತು ತಿಂಗಳಾಯಿತು. ಹೆಂಡತಿ ತಿರುಪತಮ್ಮ ಈಗಲೂ ಎರಡು ತಟ್ಟೆ ತೊಳೆಯುತ್ತಾಳೆ. ತೊಳೆದ ಮೇಲೆ ನೆನಪಾಗುತ್ತದೆ.

ಬುರ್ರಕಥೆಗೆ ಮೂವರು ಬೇಕು. ನಡುವೆ ನಿಂತವನು ಕಥೆ ಹೇಳುತ್ತಾನೆ. ಅಕ್ಕಪಕ್ಕದ ಇಬ್ಬರು ಬುರ್ರೆ ಎಂಬ ಚಿಕ್ಕ ಮಣ್ಣಿನ ಮದ್ದಳೆ ಬಾರಿಸುತ್ತ ಅವನ ಸಾಲಿಗೆಲ್ಲ ತಂದಾನ ತಾನ ಅನ್ನುತ್ತಾರೆ. ಎಡಗಡೆಯವನು ನಗಿಸಬೇಕು. ಬಲಗಡೆಯವರು ಪ್ರಶ್ನೆ ಕೇಳಬೇಕು. ಊರಲ್ಲಿ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆಯನ್ನೇ ಕೇಳಬೇಕು. ಊರ ಲೆಕ್ಕ ಬರೆಯುವ ಕರಣಂ ಮನೆಯ ಮುಂದೆ ಕರಣಂ ಬಗ್ಗೆ, ದೊಡ್ಡವರ ಅಂಗಳದಲ್ಲಿ ದೊಡ್ಡವರ ಬಗ್ಗೆ. ನಡುವಿನವನು ಅದಕ್ಕೆ ಉತ್ತರ ಕೊಡಲೇಬೇಕು. ತಪ್ಪಿಸಿಕೊಳ್ಳುವ ಹಾಗಿಲ್ಲ. ಕೇಳಿದವರ ಮೇಲೆ ಊರೂ ಸಿಟ್ಟಾಗುವ ಹಾಗಿಲ್ಲ.

ಎಡಕ್ಕೆ ತಿರುಪತಮ್ಮನ ತಮ್ಮ ಪೋಲಯ್ಯ. ಬಲಕ್ಕೆ ತಿರುಪತಮ್ಮ. ಅಕ್ಕ ತಮ್ಮ ಇಬ್ಬರೂ ಯಲ್ಲಮಂದನನ್ನು ಬಾವ ಎಂದೇ ಕರೆಯುತ್ತಿದ್ದರು. ಸೋದರತ್ತೆಯ ಮಗ. ಮದುವೆಯಾದ ವರ್ಷವೇ ಅವಳ ಕೈಗೆ ಬುರ್ರೆ ಕೊಟ್ಟ. ಅವಳು ಹಿಂದಕ್ಕೆ ಸರಿದಳು.

"ನಾಲ್ಕು ಜನರ ಮುಂದೆ ನಿಂತು ನಾನೇನು ಕೇಳಲಿ ಬಾವ?"

"ಮನೇಲಿ ಏನು ಕೇಳ್ತೀಯೋ ಅದನ್ನೇ ಅಲ್ಲೂ ಕೇಳು. ಬೆಳಗಾದ್ರೆ ಅದೇ ಕೆಲಸ ತಾನೇ ನಿಂದು?"

ಅಂದಿನಿಂದ ಅವಳು ಬಲಗಡೆ. ಇಪ್ಪತ್ತೇಳು ವರ್ಷ ಬಲಗಡೆ.

ಅವರಿಗೆ ಮಗಳು ಹುಟ್ಟಿ ಎರಡು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಸರ್ಕಾರದ ಜೀಪು ಬಂತು. ಸುತ್ತಿನ ಹದಿನೆಂಟು ಊರಿನಲ್ಲಿ ಬೋರು ಕೊರೆದು ಕೈಪಂಪು ಹಾಕಿದ್ದರು. ಜನ ಆ ಕಡೆ ತಲೆ ಹಾಕುತ್ತಿರಲಿಲ್ಲ. ಕಬ್ಬಿಣದ ವಾಸನೆ, ಬೇಳೆ ಬೇಯುವುದಿಲ್ಲ ಎಂದು ಹಳೆಯ ಮೆಟ್ಟಿಲ ಬಾವಿಗೇ ಇಳಿಯುತ್ತಿದ್ದರು. ಆ ಬಾವಿಯ ನೀರಿನಿಂದ ನಾರುಹುಣ್ಣು. ಕಾಲಿನಿಂದ ದಾರದಂಥ ಹುಳ ಹೊರಗೆ ಬರುತ್ತದೆ. ಎಳೆದರೆ ತುಂಡಾಗುತ್ತದೆ, ತುಂಡಾದರೆ ಕಾಲು ಕೊಳೆಯುತ್ತದೆ. ಕಡ್ಡಿಗೆ ಸುತ್ತಿಕೊಂಡು ದಿನಕ್ಕೆ ಒಂದು ಬೆರಳಗಲ ಎಳೆಯಬೇಕು. ಯಲ್ಲಮಂದನ ಅಪ್ಪ ಒಂದು ಬೇಸಿಗೆ ಪೂರ್ತಿ ಕಾಲಿಗೆ ಕಡ್ಡಿ ಕಟ್ಟಿಕೊಂಡು ಮಲಗಿದ್ದವನು ಆಮೇಲೆ ನೆಟ್ಟಗೆ ನಡೆಯಲಿಲ್ಲ. ಹಾಗಾಗಿ ಜೀಪಿನವರು, ಬೋರಿನ ನೀರು ಕುಡಿಯಲು ಜನಕ್ಕೆ ಹೇಳು, ನಿನ್ನ ಮಾತು ಕೇಳುತ್ತಾರೆ ಎಂದಾಗ ಅವನು ಎರಡನೆಯ ಮಾತಾಡಲಿಲ್ಲ.

ಹಾಡು ಕಟ್ಟಲು ಕೂತ. ಎರಡು ದಿನವಾದರೂ ಹಾಡು ಬರಲಿಲ್ಲ.

"ಶುದ್ಧ ನೀರು, ಶುದ್ಧ ನೀರು. ಹೀಗಂದ್ರೆ ಯಾವ ಹೆಂಗಸು ಕೇಳ್ತಾಳೆ?" ಎಂದು ಜಗುಲಿಯ ಈ ತುದಿಯಿಂದ ಆ ತುದಿಗೆ ಓಡಾಡಿದ.

ತಿರುಪತಮ್ಮ ಮಗುವಿಗೆ ಹಾಲು ಕೊಡುತ್ತಿದ್ದಳು. ಅವನ ಹೆಜ್ಜೆಯ ಸದ್ದಿಗೆ ಮಗು ಮತ್ತೆ ಮತ್ತೆ ಎಚ್ಚರಾಗುತ್ತಿತ್ತು. ಅವಳಿಗೆ ರೇಗಿತು.

"ಭೂಮ್ತಾಯಿ ಎದೆಹಾಲು ಅನ್ನು. ನಿನ್ನ ಬಾಯೂ ಮುಚ್ಚುತ್ತೆ, ನನ್ನ ಮಗೂನೂ ಮಲಗುತ್ತೆ."

ಅವನು ನಿಂತಲ್ಲೇ ನಿಂತ. ಆಮೇಲೆ ಕೂಗಿಕೊಂಡ. ಮಗು ಪೂರ್ತಿ ಎದ್ದುಬಿಟ್ಟಿತು.

ಹೊಂಡದ ನೀರು ಬೇಡವ್ವ, ನಾರುಹುಣ್ಣು ತರುವುದು
ಭೂಮಿತಾಯಿ ಎದೆಹಾಲು ಬೋರಿನಲ್ಲಿ ಬರುವುದು
ತುಂಬಿಕೊಳ್ಳೆ ಕೊಡವ ತಾಯಿ, ತಂದಾನ ತಾನ

ಹದಿನೆಂಟು ಊರಿನಲ್ಲೂ ಇದನ್ನೇ ಹಾಡಿದರು. ಮೊದಲು ಹಾಡಿದ್ದು ರಾವಿಚೆಟ್ಟುಪಾಡಿನಲ್ಲಿ. ಅಲ್ಲಿಯ ಜನ ಅವನಿಗೆ ಶಾಲು ಹೊದಿಸಿದರು. ಆ ಎದೆಹಾಲು ಅನ್ನೋ ಮಾತು ಎಲ್ಲಿ ಹುಡುಕಿದೆಯಪ್ಪಾ ಎಂದು ಹಿರಿಯರು ಕೇಳಿದಾಗ ಯಲ್ಲಮಂದ ಮೀಸೆ ತಿರುವಿ, "ಸುಮ್ನೆ ಕೂತಿದ್ದೆ, ಬಂತು" ಎಂದ. ದಾರಿಯಲ್ಲಿ ತಿರುಪತಮ್ಮ ಅವನ ಪಕ್ಕೆಗೆ ತಿವಿದಳು.

"ಕಳ್ಳ."

"ಹೆಂಡ್ತಿ ಬಾಯಿಂದ ಕದ್ರೆ ಅದು ಕಳ್ಳತನ ಅಲ್ಲ ಕಣೇ. ಸಂಸಾರ."

ಪೋಲಯ್ಯ ಹಿಂದಿನಿಂದ, "ಹಾಗಾದ್ರೆ ಶಾಲು ಅಕ್ಕಂಗೆ ಹೊದಿಸು ಬಾವ" ಎಂದ. ಹೊದಿಸಿದ. ಆ ದಿನ ಅವರು ತಂದಿದ್ದ ಛತ್ರಿ ಆ ಊರಲ್ಲೇ ಉಳಿಯಿತು.

ಹಾಡು ಹತ್ತಿಕೊಂಡಿತು. ಪಂಪು ಒತ್ತುವುದಕ್ಕೆ ಅದರ ತಾಳ ಸರಿಹೋಗುತ್ತಿತ್ತು. ಎದೆ ಅನ್ನುವಾಗ ಕೈ ಕೆಳಗೆ, ಹಾಲು ಅನ್ನುವಾಗ ನೀರು ಧಾರೆ. ಹೆಂಗಸರು ಹಾಡಿಕೊಂಡೇ ಕೊಡ ತುಂಬಿಸುತ್ತಿದ್ದರು. ತೊಟ್ಟಿಲು ತೂಗುವಾಗಲೂ ಅದೇ. ನಾಲ್ಕೈದು ವರ್ಷದಲ್ಲಿ ನಾರುಹುಣ್ಣು ಆ ಕಡೆ ಕಾಣದಂತಾಯಿತು. ಬಸ್ಸಿನಲ್ಲಿ ಯಾರಾದರೂ, "ನೀರಿನ ಹಾಡಿನ ಯಲ್ಲಮಂದ ಅಲ್ವಾ?" ಎಂದರೆ ಎದ್ದು ಅವರಿಗೇ ಸೀಟು ಬಿಟ್ಟುಕೊಡುತ್ತಿದ್ದ. ಅಷ್ಟು ಖುಷಿ ಅವನಿಗೆ.

ಅವರ ಸ್ವಂತ ಊರಿನಲ್ಲಿ ಬೋರು ಬೀಳಲಿಲ್ಲ. ಕೆಳಗೆ ಬಂಡೆ. ಅವರು ಕೆರೆಯ ನೀರನ್ನೇ ಹಳೆಯ ಸೀರೆ ಎರಡು ಮಡಿಕೆ ಮಾಡಿ ಸೋಸಿ ಕುಡಿದರು. ಇದನ್ನು ಇಲ್ಲಿ ಹೇಳಲೇಬೇಕು. ಅವರ ಮಗಳ ಕಾಲು ನೆಟ್ಟಗಿದೆ.

ಹದಿನಾಲ್ಕು ವರ್ಷ ಕಳೆದ ಮೇಲೆ ಆ ಹದಿನೆಂಟು ಊರಿನಲ್ಲೊಂದಾದ ಮೇಕಲವಾರಿಪಾಲೆಂನಿಂದ ಕರೆ ಬಂತು. ಅಲ್ಲಿಯ ಕೇರಿಯಲ್ಲಿ ಹೊಸ ಚರ್ಚಿನ ಹಬ್ಬ, ಕಥೆ ಹೇಳಬೇಕು. ಮಧ್ಯಾಹ್ನ ಊಟಕ್ಕೆ ಮರಿಯಮ್ಮ ಎಂಬವಳ ಮನೆಯಲ್ಲಿ ಕೂಡಿಸಿದರು. ಜೋಳದ ಸಂಕಟಿ ಮುದ್ದೆ, ಗೋಂಗೂರ ಸೊಪ್ಪಿನ ಪಚ್ಚಡಿ. ಯಲ್ಲಮಂದ ಎರಡನೆಯ ಮುದ್ದೆಗೆ ಕೈ ಹಾಕಿದಾಗ ಮರಿಯಮ್ಮ ಮಗಳನ್ನು ಕರೆದಳು.

"ಬಾರೆ ಸುವಾರ್ತ. ತಾತನಿಗೆ ತಾತನ ಹಾಡೇ ಹೇಳಿ ತೋರ್ಸು."

ಹುಡುಗಿ ಒಳಗಿನಿಂದ ಬಂದಳು. ಒಂಬತ್ತು ವರ್ಷ. ಗೋಡೆ ಹಿಡಿದು ಬಂದಳು. ಮಂಡಿ ಎರಡೂ ಒಂದಕ್ಕೊಂದು ತಾಗುತ್ತಿದ್ದವು, ಪಾದ ಎರಡೂ ಹೊರಗೆ. ನಕ್ಕರೆ ಹಲ್ಲು ತುಕ್ಕು ಹಿಡಿದ ಹಾಗೆ. ಅವಳು ಎರಡು ಕೈ ಕಟ್ಟಿ ನಿಂತು ಒಂದು ಅಕ್ಷರ ತಪ್ಪದೆ ಹಾಡಿದಳು. ಭೂಮಿತಾಯಿ ಎದೆಹಾಲು. ಧ್ವನಿ ಚೆನ್ನಾಗಿತ್ತು.

ಯಲ್ಲಮಂದನ ಕೈ ತಟ್ಟೆಯಲ್ಲೇ ಇತ್ತು.

"ಕಾಲಿಗೆ ಏನಾಯ್ತಮ್ಮ?"

"ಗೊತ್ತಿಲ್ಲ ಚಿಕ್ಕಪ್ಪ. ಈ ಊರಲ್ಲಿ ಹಾಗೆ ಹನ್ನೊಂದು ಮಕ್ಕಳಿದಾರೆ. ದೊಡ್ಡೋರಿಗೂ ಬೆನ್ನು ಬಗ್ಗಲ್ಲ. ಎರಡು ವರ್ಷದ ಹಿಂದೆ ಯಾರೋ ಬಂದು ಬಾಟ್ಲಿಗೆ ನೀರು ತುಂಬ್ಕೊಂಡು ಹೋದ್ರು. ಆಮೇಲೆ ಬಂದು ಪಂಪಿಗೆ ಕೆಂಪು ಬಣ್ಣ ಬಳಿದ್ರು."

"ಬಳಿದು ಏನಂದ್ರು?"

"ಕುಡೀಬೇಡಿ ಅಂದ್ರಂತೆ. ನಾನು ಕೂಲಿಗೆ ಹೋಗಿದ್ದೆ. ಬಣ್ಣ ಬಳಿಯೋನ ಮಾತು ಯಾರು ಕೇಳ್ತಾರೆ? ನೀನು ಹಾಡಿದ್ದೀಯಲ್ಲ." ಅವಳು ಇನ್ನೊಂದು ಸೌಟು ಪಚ್ಚಡಿ ಬಡಿಸಿದಳು. "ಇವಳು ಹುಟ್ಟಿದಾಗ ನನಗೆ ಹಾಲು ಸಾಲ್ಲಿಲ್ಲ. ನಿನ್ನ ಹಾಡು ನೆನಪಾಯ್ತು. ಅದೂ ಎದೆಹಾಲೇ ಅಲ್ವಾ ಅಂತ ಗಂಜಿಗೆ, ಡಬ್ಬದ ಹಾಲಿಗೆ, ಎಲ್ಲಕ್ಕೂ ಅದೇ ಬೆರೆಸಿದೆ."

ಅವಳು ದೂರಲಿಲ್ಲ. ಒಳ್ಳೆಯದನ್ನು ಹೇಳುವ ಹಾಗೆ ಹೇಳಿದಳು.

ಆ ಸಂಜೆ ಯಲ್ಲಮಂದ ಕಥೆಯ ನಡುವೆ ಎರಡು ಸಲ ಸಾಲು ಮರೆತ. ಮೆಣಸಿನಕಾಳು ಹಾಕಿಕೊಳ್ಳುವುದನ್ನೂ ಮರೆತಿದ್ದ. ಪೋಲಯ್ಯ ಏನೇನೋ ಹಾಸ್ಯ ಮಾಡಿ ಮುಚ್ಚಿದ.

ಮರುದಿನ ಅವನು ಪಟ್ಟಣಕ್ಕೆ ಹೋಗಿ ಒಬ್ಬ ಡಾಕ್ಟರನ್ನು ಕಂಡು ಕೇಳಿದ. ನೆಲದ ಆಳದಲ್ಲೇ ಇರುವ ದೋಷ, ಅಲ್ಲಿ ಕೊರೆದಾಗ ಯಾರಿಗೂ ತಿಳಿದಿರಲಿಲ್ಲ, ಮೂಳೆಗೆ ಇಳಿದ ಮೇಲೆ ಔಷಧಿಯಿಲ್ಲ ಎಂದರು. ಕುದಿಸಿದರೂ ಹೋಗುವುದಿಲ್ಲ. ಆ ನೀರು ಬಿಡಬೇಕು, ಅಷ್ಟೇ.

ಬಂದವನು ಜಗುಲಿಯ ಮೇಲೆ ಕೂತ. ಎಂಟು ದಿನ ಕೂತ. ತಂಬೂರಿಯನ್ನು ಮುಟ್ಟಲಿಲ್ಲ.

"ಉಣ್ಣು ಬಾ" ಎಂದಳು ತಿರುಪತಮ್ಮ.

"ಹಸಿವಿಲ್ಲ."

"ನೀನು ಹಸ್ಕೊಂಡಿದ್ರೆ ಆ ಮಗೂನ ಕಾಲು ನೆಟ್ಟಗಾಗುತ್ತಾ? ಉಣ್ಣು ಬಾ."

ಬಂದ. ಉಂಡ. ಉಣ್ಣುತ್ತ ಹೇಳಿದ, "ಜೀಪಿನೋರು ಏನಂದಿದ್ರು ನೆನಪಿದೆಯಾ? ಶುದ್ಧ ನೀರು ಅಂದಿದ್ರು. ಅಷ್ಟೇ. ಶುದ್ಧ ನೀರು ಅಂತಲೇ ಹಾಡಿದ್ರೆ ಜನ ಅರ್ಧ ನಂಬೋರು, ಅರ್ಧ ಬಿಡೋರು. ಬಣ್ಣ ಬಳಿದ ದಿನ ನಿಲ್ಲಿಸಿಬಿಡೋರು. ಎದೆಹಾಲು ಅಂದ ಮೇಲೆ ಯಾರು ಬಿಡ್ತಾರೆ? ತಾಯಿ ಹಾಲಲ್ಲಿ ಯಾರಾದ್ರೂ ದೋಷ ಹುಡುಕ್ತಾರಾ?"

ತಿರುಪತಮ್ಮನ ಕೈ ಮಡಕೆಯ ಮೇಲೆ ನಿಂತಿತು.

"ಅದು ನಾನಂದ ಮಾತು" ಎಂದಳು.

"ನೀನು ಮಗು ಮಲಗಿಸೋಕೆ ಅಂದೆ. ಹದಿನೆಂಟು ಊರಲ್ಲಿ ನಿಂತು ಅಂದೋನು ನಾನು. ನಡುವೆ ನಿಂತವನದು ಮಾತು. ಆ ವಿಷಯ ಬಿಡು."

ಅವಳು ಬಿಟ್ಟಳು. ಬಿಟ್ಟದ್ದು ಸುಲಭವಾಗಿತ್ತು. ಈಗ ಯೋಚಿಸಿದರೆ ಅಷ್ಟು ಸುಲಭವಾಗಿದ್ದೇ ಅವಳನ್ನು ಚುಚ್ಚುತ್ತದೆ.

ಅವನು ತೀರ್ಮಾನಕ್ಕೆ ಬಂದಿದ್ದ. ಹದಿನೆಂಟು ಊರಿಗೂ ಮತ್ತೆ ಹೋಗಬೇಕು. ಅದೇ ಅಂಗಳ, ಅದೇ ಧಾಟಿ. ಬೇರೆ ಹಾಡು ಕಟ್ಟಿದರೆ ಹಳೆಯದು ಹಾಗೇ ಉಳಿಯುತ್ತದೆ. ಅದೇ ಧಾಟಿಯಲ್ಲಿ ಮಾತು ಬದಲಾದರೆ ಹಳೆಯದು ಬಾಯಿಯಿಂದ ಜಾಗ ಬಿಡುತ್ತದೆ. ಇದು ಅವನ ಲೆಕ್ಕ.

ಹಾಲು ಎಂದೆ ನಾನವ್ವ, ಹಾಲು ಅಲ್ಲ ಕೇಳವ್ವ
ಕೆಂಪು ಬಳಿದ ಬೋರಿಗೆ ಕೈಯ ಮುಗಿದು ದಾಟವ್ವ
ಕೆರೆಯ ನೀರ ಮಡಿಕೆ ಬಟ್ಟೆ ಸೋಸಿ ಕುದಿಸು, ತಂದಾನ ತಾನ

"ನೀನು ನನ್ನನ್ನ ಕೇಳ್ಬೇಕು" ಎಂದ ಹೆಂಡತಿಗೆ. "ಎಲ್ಲರ ಮುಂದೆ. ಯಾಕೆ ಸುಳ್ಳು ಹೇಳಿದೆ ಅಂತ ಕೇಳ್ಬೇಕು. ಗಂಡ ಅಂತ ನೋಡ್ಬೇಡ."

"ಸುಳ್ಳು ಹೇಳ್ಲಿಲ್ಲ ನೀನು. ಗೊತ್ತಿರ್ಲಿಲ್ಲ."

"ಗೊತ್ತಿಲ್ದೆ ಅಷ್ಟು ಚೆನ್ನಾಗಿ ಯಾಕೆ ಹೇಳಿದೆ ಅಂತ ಕೇಳು. ಅದಕ್ಕೂ ಉತ್ತರ ಕೊಡ್ಬೇಕು ನಾನು."

ಪೋಲಯ್ಯನಿಗೆ ಇದು ಹಿಡಿಸಲಿಲ್ಲ. "ಬಾವ, ನೀನೇ ಹೋಗಿ ತಪ್ಪಾಯ್ತು ಅಂದ್ರೆ ಮುಂದೆ ಯಾವ ಊರು ಕರೆಯುತ್ತೆ? ಹಾಡೋನ ಹತ್ರ ಬಾಯಿ ಬಿಟ್ರೆ ಇನ್ನೇನಿದೆ?"

"ಅದೇ ಬಾಯಿ ಕಣೋ. ಎರಡು ಇದ್ದಿದ್ರೆ ಒಂದನ್ನ ಮನೇಲಿ ಬಿಟ್ಟು ಹೋಗ್ತಿದ್ದೆ."

ಮೊದಲು ಮೇಕಲವಾರಿಪಾಲೆಂಗೇ ಹೋದರು. ಹೊತ್ತು ಮುಳುಗುವ ಮುಂಚೆ ಪಂಪಿನ ಪಕ್ಕದ ಬಯಲಿನಲ್ಲಿ ನಿಂತರು. ಜನ ಸೇರಿದರು. ಯಲ್ಲಮಂದ ಹೊಸ ಹಾಡು ಎತ್ತಿದ. ಹಾಲು ಎಂದೆ ನಾನವ್ವ, ಹಾಲು ಅಲ್ಲ ಕೇಳವ್ವ. ಜನ ನಕ್ಕರು. ಹಳೆಯ ಹಾಡನ್ನು ಹಾಸ್ಯ ಮಾಡುತ್ತಿದ್ದಾನೆ ಎಂದುಕೊಂಡರು. ಪೋಲಯ್ಯ ಎಂದರೆ ಆ ಊರಿಗೆ ನಗು, ಅವನು ಸುಮ್ಮನೆ ನಿಂತರೂ ನಗು. ತಿರುಪತಮ್ಮ ಗಂಟಲು ಗಟ್ಟಿ ಮಾಡಿ, "ಅಂದು ಹಾಲೆಂದ ಬಾಯಿ ಇಂದು ಅಲ್ಲ ಅನ್ನೋದ್ಯಾಕೆ?" ಎಂದು ಕೇಳಿದಳು. ಅದಕ್ಕೂ ನಕ್ಕರು. ಗಂಡ ಹೆಂಡಿರ ಜಗಳ ಎಂದು ಚಪ್ಪಾಳೆ ತಟ್ಟಿದರು.

ಹಿಂದಿನ ಸಾಲಿನಿಂದ ಒಬ್ಬ ಮುದುಕ ಚುಟ್ಟ ಬಾಯಿಂದ ತೆಗೆದ. "ಏನಪ್ಪಾ, ಈ ಸಲ ಯಾರ ಜೀಪು? ಅವತ್ತು ಅವರು ಹೇಳಿಕೊಟ್ಟಿದ್ದು ಹಾಡಿದೆ. ಇವತ್ತು ಇನ್ಯಾರೋ ಹೇಳಿಕೊಟ್ಟಿರ್ಬೇಕು."

ನಗು ನಿಂತಿತು. ತಂಬೂರಿಯ ಮೇಲಿನ ಬೆರಳು ನಿಂತಿತು. ಯಲ್ಲಮಂದನ ಕತ್ತಿನ ನರ ಎದ್ದುದನ್ನು ತಿರುಪತಮ್ಮ ಬಲಗಡೆಯಿಂದ ನೋಡಿದಳು. ಇಷ್ಟು ವರ್ಷದಲ್ಲಿ ಅವನು ಉತ್ತರವಿಲ್ಲದೆ ನಿಂತದ್ದು ಅವಳು ನೋಡಿರಲಿಲ್ಲ.

ಆಗ ಅವನು ಅವಳ ಕಡೆ ತಿರುಗಿದ.

"ಬುರ್ರೆ ಕೊಡು."

"ಯಾಕೆ?"

"ಕೊಡು. ಜಾಗ ಬಿಡು."

ಅವಳ ಮುಖ ಕೆಂಪಾಯಿತು. ಮದುವೆಯಾದಂದಿನಿಂದ ನಿಂತ ಜಾಗ. ಊರೆಲ್ಲ ನೋಡುತ್ತಿತ್ತು. ಕೊಟ್ಟಳು. ಪಕ್ಕಕ್ಕೆ ಸರಿದು ನಿಂತಳು. ಅವನು ಬುರ್ರೆ ಹಿಡಿದು ಜನರ ನಡುವೆ ನಡೆದು ಹೋಗಿ ಮರಿಯಮ್ಮನ ಮಡಿಲಲ್ಲಿಟ್ಟ.

"ಬಲಗಡೆ ನಿಂತವರು ಕೇಳಿದ್ದಕ್ಕೆ ನಾನು ಉತ್ತರ ಕೊಡ್ಲೇಬೇಕಮ್ಮ. ಅದು ಕಥೆಯ ಕಟ್ಟಳೆ. ನನ್ನ ಹೆಂಡ್ತಿ ಕೇಳಿದ್ರೆ ನಾಟಕ ಅಂತೀರಿ. ನೀನು ಬಂದು ಕೇಳು."

ಮರಿಯಮ್ಮ ಎದ್ದು ಬಂದಳು. ಬುರ್ರೆಯನ್ನು ನೀರಿನ ಕೊಡದ ಹಾಗೆ ಸೊಂಟಕ್ಕೆ ಇಟ್ಟುಕೊಂಡಿದ್ದಳು. ಬಲಗಡೆ ನಿಂತಳು. ಹಾಡಿನಲ್ಲಿ ಕೇಳಲಿಲ್ಲ, ಮಾತಿನಲ್ಲೇ ಕೇಳಿದಳು.

"ನನ್ನ ಮಗಳ ಕಾಲು ನೆಟ್ಟಗಾಗುತ್ತಾ ಚಿಕ್ಕಪ್ಪ?"

"ಇಲ್ಲಮ್ಮ" ಎಂದ ಯಲ್ಲಮಂದ.

"ಆ ನೀರಿಂದಲೇನಾ?"

"ಆ ನೀರಿಂದಲೇ."

"ನೀನು ಹಾಲು ಅಂದೆಯಲ್ಲ."

"ಅಂದೆ. ನಾನೇ ಅಂದೆ. ಯಾರೂ ಹೇಳಿಕೊಡ್ಲಿಲ್ಲ. ಕೇಳೋಕೆ ಚೆನ್ನಾಗಿದೆ ಅಂತ ಅಂದೆ. ಅದು ಹಾಲು ಹೌದೋ ಅಲ್ವೋ ಅಂತ ನೋಡ್ಲಿಲ್ಲ."

ನಾನೇ ಅಂದೆ ಎನ್ನುವಾಗ ಅವನು ತಿರುಪತಮ್ಮನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ. ಅವಳು ನೆಲ ನೋಡಿದಳು.

ಚುಟ್ಟದ ಮುದುಕ ಎದ್ದು ಹೋದ. ಪಂಪಿನ ಹತ್ತಿರ ಹೋಗಿ ಅಲ್ಲಿ ಯಾರೋ ಇಟ್ಟಿದ್ದ ತುಂಬಿದ ಕೊಡ ಎತ್ತಿ ನೆಲಕ್ಕೆ ಸುರಿದು ವಾಪಸ್ಸು ಬಂದು ಕೂತ. "ಹಾಡು ಈಗ" ಎಂದ.

ಹಾಡಿದ. ಈ ಸಲ ಯಾರೂ ನಗಲಿಲ್ಲ.

ಬಸ್ಸಿನಲ್ಲಿ ತಿರುಪತಮ್ಮ ಪೋಲಯ್ಯನ ಪಕ್ಕ ಹೋಗಿ ಕೂತಳು. ಇಳಿಯುವ ಮುಂಚೆ, "ಊರ ಮುಂದೆ ನನ್ನನ್ನ ಜಾಗದಿಂದ ಎಬ್ಬಿಸಿದೆ" ಎಂದಳು.

"ಎಬ್ಬಿಸಿದೆ. ನೀನು ಕೇಳಿದ್ರೆ ನಾನು ತಪ್ಪಿಸ್ಕೊಳ್ತಿದ್ದೆ ಕಣೇ. ಮನೇಲಿ ದಿನಾ ತಪ್ಪಿಸ್ಕೊಳ್ಳೋದು ಅಭ್ಯಾಸ ಆಗಿದೆ."

ಅವಳಿಗೆ ನಗು ಬಂತು. ಅದನ್ನು ಅವನಿಗೆ ತೋರಿಸಲಿಲ್ಲ.

ಹಾಗೆ ಒಂದೊಂದೇ ಊರು. ಪ್ರತಿ ಊರಿನಲ್ಲೂ ಬಲಗಡೆಯ ಜಾಗ ಆ ಊರಿನವರಿಗೆ. ತಿರುಪತಮ್ಮ ಪಕ್ಕದಲ್ಲಿ ನಿಂತು ಬರೀ ತಂದಾನ ಅನ್ನುತ್ತಿದ್ದಳು. ಒಂದೂರಲ್ಲಿ ಬೈದರು. ಒಂದೂರಲ್ಲಿ ಒಬ್ಬ ಅಪ್ಪ ಚಪ್ಪಲಿ ಎತ್ತಿದ. ಯಲ್ಲಮಂದ ಚಪ್ಪಲಿಯನ್ನೇ ನೋಡುತ್ತ ನಿಂತ, ಅಪ್ಪನೇ ಕೆಳಗಿಳಿಸಿದ. ಇನ್ನೊಂದೂರಲ್ಲಿ ಪಂಪು ಒಳ್ಳೆಯದಿತ್ತು, ಕೆಂಪು ಬಳಿದಿರಲಿಲ್ಲ. ಅಲ್ಲಿಯ ಹೆಂಗಸೊಬ್ಬಳು, "ನಮ್ಮೂರಲ್ಲಿ ಹಾಲೇ ಇದೆ, ಹೋಗಯ್ಯಾ" ಎಂದಳು. ಅವನು ಅಲ್ಲೇ ಕೂತು ಒಂದು ಚೊಂಬು ಕುಡಿದು ಬಂದ. ಪೋಲಯ್ಯ ಹೇಳಿದ ಹಾಗೆಯೇ ಕರೆಗಳು ಕಡಿಮೆಯಾದವು. ಮದುವೆಯ ಮನೆಯವರು ಬೇರೆ ತಂಡ ಕರೆದರು. ಅವನು ಅದರ ಮಾತೆತ್ತಲಿಲ್ಲ.

ಹಾಡಿ ಬಂದರೆ ಅವನಿಗೆ ಮುಗಿಯುತ್ತಿರಲಿಲ್ಲ. ತಿಂಗಳು ಕಳೆದ ಮೇಲೆ ಒಬ್ಬನೇ ಆ ಊರಿಗೆ ಹೋಗಿ, ಬಸ್ಸು ತಪ್ಪಿದವನ ಹಾಗೆ ಪಂಪಿನ ಹತ್ತಿರ ಕೂರುತ್ತಿದ್ದ. ಯಾರು ನೀರಿಗೆ ಬರುತ್ತಾರೆ, ಯಾವ ಹಾಡು ಹಾಡುತ್ತಾರೆ ಎಂದು ಕೇಳಿಸಿಕೊಳ್ಳಲು. ಒಂದೂರಲ್ಲಿ ಹೆಂಗಸರು, ಯಾರೋ ಮುದುಕ ನೀರಿಗೆ ಬರೋರನ್ನ ನೋಡ್ತಾ ಕೂತಿದಾನೆ ಎಂದು ನಾಯಿ ಬಿಟ್ಟರು. ಅಂದು ಅವನು ಓಡಿದ ಓಟವನ್ನು ಪೋಲಯ್ಯ ಮೂರು ವರ್ಷ ಕಥೆಯಲ್ಲಿ ಸೇರಿಸಿ ಹೇಳಿದ. ಪಂಚೆ ಹರಿದುಕೊಂಡು ಬಂದವನು ಮನೆಯ ಬಾಗಿಲಲ್ಲೇ ಕೂಗಿದ.

"ತಿರುಪತೀ, ಹೊಸದನ್ನೇ ಹಾಡ್ತಿದ್ರು ಕಣೇ! ಬಟ್ಟೆ ಒಗೆಯೋಕೆ ಮಾತ್ರ ಆ ನೀರು. ಹಾಲು ಅಲ್ಲ ಕೇಳವ್ವ ಅಂತ ಒಬ್ಬಳು ಎತ್ತಿದ್ಳು, ಆಮೇಲೆ ನಾಯಿ ಬಂತು."

"ಛತ್ರಿ ಎಲ್ಲಿ?"

ಅವನು ಕೈ ನೋಡಿಕೊಂಡ.

ಹದಿನೇಳು ಊರಾಯಿತು. ಉಳಿದದ್ದು ರಾವಿಚೆಟ್ಟುಪಾಡು. ಅದನ್ನು ಮಾತ್ರ ಅವನು ಮುಂದಕ್ಕೆ ಮುಂದಕ್ಕೆ ಹಾಕುತ್ತಿದ್ದ. ಸುಗ್ಗಿ ಮುಗಿಯಲಿ, ಮಳೆ ನಿಲ್ಲಲಿ, ಗಂಟಲು ಸರಿಯಾಗಲಿ. ಶಾಲು ಹೊದಿಸಿದ ಊರು ಅದು.

"ಅಲ್ಲಿ ಹೆದರಿಕೆಯಾ ಬಾವ?" ಎಂದು ತಿರುಪತಮ್ಮ ಕೇಳಿದಳು.

"ಹೌದು" ಎಂದ. ಅಷ್ಟು ನೇರವಾಗಿ ಅಂದವನನ್ನು ಮತ್ತೆ ಏನು ಕೇಳುವುದು.

ಮಾಘಮಾಸದಲ್ಲಿ ಒಂದು ಬೆಳಿಗ್ಗೆ ಮೀಸೆ ಕತ್ತರಿಸಿಕೊಳ್ಳುತ್ತ ಕನ್ನಡಿಯ ಮುಂದೆ ಕೂತವನು ಹಾಗೇ ಪಕ್ಕಕ್ಕೆ ವಾಲಿದ. ಒಂದು ಕಡೆಯ ಮೀಸೆ ಕತ್ತರಿಸಿ ಆಗಿತ್ತು. ಇನ್ನೊಂದು ಕಡೆಯದನ್ನು ತಿರುಪತಮ್ಮ ಸರಿ ಮಾಡಿದಳು. ಹಾಗೇ ಕಳಿಸಿದ್ದರೆ ಅವನು ಒಪ್ಪುತ್ತಿರಲಿಲ್ಲ.

ಅವನು ಏನೂ ಹೇಳಿ ಹೋಗಲಿಲ್ಲ. ರಾವಿಚೆಟ್ಟುಪಾಡಿಗೆ ಹೋಗು ಎಂದು ಹೇಳಲಿಲ್ಲ. ಹೇಳಿದ್ದರೆ ಸುಲಭವಾಗುತ್ತಿತ್ತು. ಗಂಡನ ಮಾತು ಎಂದು ಹೋಗಿ ಬರಬಹುದಿತ್ತು.

ಹತ್ತನೆಯ ತಿಂಗಳಿಗೆ ಅವಳು ತಂಬೂರಿ ಕೆಳಗಿಳಿಸಿದಳು. ನಾದಿನಿ ಬಾಗಿಲಿಗೆ ಅಡ್ಡ ನಿಂತಳು.

"ವರ್ಷ ತುಂಬಿಲ್ಲ ಅತ್ತಿಗೆ. ಮನೆಯಿಂದ ಹೊರಗೆ ಕಾಲಿಡೋದೇ ತಪ್ಪು. ಗೆಜ್ಜೆ ಕಟ್ತೀಯಾ?"

"ಗೆಜ್ಜೆ ಕಟ್ಟಲ್ಲ. ಬರೀ ಬಾಯಲ್ಲಿ ಹೇಳಿ ಬರ್ತೀನಿ."

"ಜನ ಏನಂತಾರೆ?"

"ಅಲ್ಲಿ ಮಕ್ಕಳು ದಿನಾ ಅದೇ ನೀರು ಕುಡೀತಿದಾರೆ. ವರ್ಷ ತುಂಬೋವರೆಗೂ ಕುಡೀಲಾ?"

ನಾದಿನಿ ಸರಿದಳು.

ರಾವಿಚೆಟ್ಟುಪಾಡಿನಲ್ಲಿ ಬಿಸಿಲು ಇಳಿಯುವ ಹೊತ್ತಿಗೆ ಜನ ಸೇರಿದರು. ಅರಳಿಮರದ ಹಿಂದೆ ಪಂಪು. ಕೆಂಪು ಬಣ್ಣ ಅರ್ಧ ಹೋಗಿತ್ತು. ಹಿಡಿಕೆ ಮಾತ್ರ ಕೈ ತಾಗಿ ತಾಗಿ ಹೊಳೆಯುತ್ತಿತ್ತು. ತಿರುಪತಮ್ಮ ಸೆರಗಿನ ಗಂಟಿನಿಂದ ಎರಡು ಮೆಣಸಿನಕಾಳು ತೆಗೆದು ಕೆನ್ನೆಯಲ್ಲಿಟ್ಟುಕೊಂಡು ನಡುವೆ ನಿಂತಳು. ಅಲ್ಲಿ ನಿಂತರೆ ಎಲ್ಲರ ಕಣ್ಣೂ ನೇರ ಮುಖಕ್ಕೇ ಬೀಳುತ್ತವೆ. ಬಲಗಡೆ ನಿಂತವಳಿಗೆ ಇಷ್ಟು ದಿನ ಅದು ಗೊತ್ತಿರಲಿಲ್ಲ. ಎಡಕ್ಕೆ ಪೋಲಯ್ಯ. ಬಲಗಡೆ ಖಾಲಿ.

"ಯಾರಾದ್ರೂ ಬಂದು ನಿಂತು ಕೇಳಿ" ಎಂದಳು.

ಪುಲ್ಲಮ್ಮ ಎಂಬ ಮುದುಕಿ ಬಂದಳು. ಬೆನ್ನು ನೆಟ್ಟಗೆ ಮರದ ಹಲಗೆಯ ಹಾಗಿತ್ತು, ಬಗ್ಗುತ್ತಿರಲಿಲ್ಲ. ಬುರ್ರೆಯನ್ನು ತಲೆಕೆಳಗಾಗಿ ಹಿಡಿದಳು. ಪೋಲಯ್ಯ ತಿರುಗಿಸಿ ಕೊಟ್ಟ.

"ಅವನೆಲ್ಲಿ?" ಎಂದಳು.

"ಹೋದ."

"ಯಾವಾಗ?"

"ಮಾಘದಲ್ಲಿ."

ಪುಲ್ಲಮ್ಮ ಬುರ್ರೆಯನ್ನು ಎದೆಗೆ ಒತ್ತಿಕೊಂಡಳು. "ಮೀಸೆ ಚೆನ್ನಾಗಿತ್ತು" ಎಂದಳು. ಜನ ನಕ್ಕರು. ತಿರುಪತಮ್ಮ ಕೆನ್ನೆಯ ಕಾಳು ಕಡಿದಳು. ಖಾರಕ್ಕೆ ಧ್ವನಿ ಬಂತು. ಹೊಸ ಹಾಡು ಹಾಡಿದಳು. ಕುಡಿಯಬಾರದ ನೀರು, ಕುಡಿಯಬೇಕಾದ ನೀರು, ಬಟ್ಟೆಯ ಮಡಿಕೆ, ಎಲ್ಲ ಹೇಳಿದಳು. ಹದಿನೇಳು ಊರಿನಲ್ಲಿ ಅವನು ಹೇಗೆ ನಿಂತ ಎಂದೂ ಹೇಳಿದಳು.

ಪುಲ್ಲಮ್ಮ ಎಲ್ಲ ಕೇಳಿಸಿಕೊಂಡಳು.

"ಅವನು ಒಳ್ಳೇವನು. ಸುಳ್ಳು ಹೇಳೋ ಮುಖ ಅಲ್ಲ ಅವನದು. ಆ ಎದೆಹಾಲು ಅನ್ನೋ ಮಾತಿತ್ತಲ್ಲ, ಅದಕ್ಕೇ ನಾವು ಬಿದ್ದದ್ದು. ಅದನ್ನ ಅವನಿಗೆ ಯಾರು ಹೇಳಿಕೊಟ್ರು? ಜೀಪಿನೋರಾ?"

ಪೋಲಯ್ಯ ಅಕ್ಕನ ಕಡೆ ನೋಡಿದ. ಹೌದು ಎಂದರೆ ಮುಗಿಯುತ್ತಿತ್ತು. ಅವನೇ ಕಟ್ಟಿದ ಎಂದರೂ ಮುಗಿಯುತ್ತಿತ್ತು. ಅವನೂ ಹಾಗೇ ಹೇಳಿಕೊಂಡಿದ್ದ, ಹದಿನೇಳು ಸಲ, ಅವಳ ಕಡೆ ನೋಡದೆ. ಬಲಗಡೆ ನಿಂತವರು ಕೇಳಿದ್ದಾರೆ. ನಡುವೆ ಅವಳಿದ್ದಾಳೆ.

"ನಾನು" ಎಂದಳು ತಿರುಪತಮ್ಮ. "ನನ್ನ ಮಗಳಿಗೆ ಹಾಲು ಕೊಡ್ತಾ ಕೂತಿದ್ದೆ. ಬಾಯಿಗೆ ಬಂತು, ಅಂದೆ. ನಮ್ಮೂರಲ್ಲಿ ಬೋರಿಲ್ಲ. ನಮ್ಮ ಮಗಳು ಚೆನ್ನಾಗಿದಾಳೆ. ಅವನು ಎಲ್ಲೂ ನನ್ನ ಹೆಸರು ಹೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ಇವತ್ತು ಹೇಳ್ತಿದೀನಿ."

ಮರದಲ್ಲಿ ಕಾಗೆಗಳು ಜಾಗಕ್ಕೆ ಜಗಳ ಮಾಡುತ್ತಿದ್ದವು.

"ಈಗ ಹಾಡಿದ್ದು ಯಾರದು?" ಎಂದಳು ಪುಲ್ಲಮ್ಮ.

"ಅವನದು. ಪೂರ್ತಿ ಅವನದು. ಡಾಕ್ಟರನ್ನ ಕೇಳಿ, ಊರೂರು ಪಂಪು ನೋಡಿ, ಆಮೇಲೆ ಕಟ್ಟಿದ್ದು."

ಮುದುಕಿ ಬುರ್ರೆಗೆ ಒಂದು ಏಟು ಹಾಕಿದಳು. ತಾಳ ತಪ್ಪಿತ್ತು. "ಇನ್ನೊಂದ್ಸಲ ಹಾಡು. ನನಗೆ ಬಾಯಿಪಾಠ ಆಗ್ಲಿಲ್ಲ."

ಮೂರು ಸಲ ಹಾಡಿಸಿದಳು. ಮೂರನೆಯ ಸಲ ಹೆಂಗಸರು ತಾವೇ ತಂದಾನ ಅಂದರು. ಎಲ್ಲರೂ ಅನ್ನಲಿಲ್ಲ. ಕೆಲವರು ಎದ್ದು ಹೋದರು. ಒಬ್ಬಳು ಹೋಗುವಾಗ ತಿರುಪತಮ್ಮನ ಮುಖ ನೋಡಿ ನೆಲಕ್ಕೆ ಉಗುಳಿದಳು. ಅವಳ ಸೊಂಟದ ಮೇಲೆ ಮಗುವಿತ್ತು. ಎತ್ತಿಕೊಳ್ಳುವ ವಯಸ್ಸು ದಾಟಿದ ಮಗು.

ಅಂದು ಅಲ್ಲೇ ಪುಲ್ಲಮ್ಮನ ಮನೆಯಲ್ಲಿ ಉಳಿದರು. ಬೆಳಿಗ್ಗೆ ಹೊರಡುವಾಗ ಮುದುಕಿ ಅಟ್ಟದಿಂದ ಏನೋ ಎಳೆದು ತಂದಳು. ಮರದ ಹಿಡಿಯ ಕಪ್ಪು ಛತ್ರಿ. ಬಟ್ಟೆ ಜಿರಲೆ ತಿಂದಿತ್ತು.

"ಶಾಲು ಹೊದಿಸಿದ ದಿನ ಬಿಟ್ಟುಹೋಗಿದ್ದ. ಬರ್ತಾನೆ, ಕೊಡೋಣ ಅಂತ ಇಟ್ಟಿದ್ದೆ."

ಪೋಲಯ್ಯ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಅಕ್ಕ, ಬಾವ ಈ ಊರಿಗೆ ಬರೋಕೆ ಯಾಕೆ ಹೆದರ್ತಿದ್ದ ಅಂತ ಈಗ ಗೊತ್ತಾಯ್ತು. ಛತ್ರಿ ಸಿಕ್ಕಿಬಿಟ್ರೆ ನೀನು ಉಳಿದ ಛತ್ರಿಗಳನ್ನೂ ಕೇಳ್ತಿದ್ದೆ."

ತಿರುಪತಮ್ಮ ಛತ್ರಿ ಕಿತ್ತುಕೊಂಡಳು. ಬಸ್‌ಸ್ಟ್ಯಾಂಡಿಗೆ ಅರ್ಧ ಗಂಟೆಯ ದಾರಿ. ಬಿಸಿಲು ಏರಿತ್ತು. ಅವಳು ಅದನ್ನು ಬಿಚ್ಚಿ ಹಿಡಿದು ನಡೆದಳು. ತೂತಿನಿಂದ ಬಿಸಿಲು ಮುಖದ ಮೇಲೆ ಬೀಳುತ್ತಿತ್ತು. ಆದರೂ ಮಡಿಸಲಿಲ್ಲ.